ಮನಃಸ್ಥಿತಿ, ಕಲಿತ ಭಯ ಹಾಗೂ ನೆನಪು: ಸಾರ್ವಜನಿಕರ ಮಾಹಿತಿಗಾಗಿ

ಅಪಘಾತ, ಬೆಂಕಿ, ಪ್ರವಾಹ, ನಾಯಿ ಕಡಿತ ಮೊದಲಾದ ಘಟನೆಗಳಿಗೆ ಒಳಗಾದವರಲ್ಲಿ ಗಾಯ ಮಾಸಿದ ನಂತರವೂ ಭಯ ಉಳಿಯಬಹುದು. ಚಿಕಿತ್ಸೆಯಿಂದ ಕಡಿಮೆಯಾದ ಭಯ ಕೆಲಕಾಲದ ಬಳಿಕ ಮರುಕಳಿಸಿದಾಗ, ಚಿಕಿತ್ಸೆಯೇ ವ್ಯರ್ಥವಾಯಿತೆಂದು ಭಾವಿಸಿ ಅದನ್ನು ಅರ್ಧಕ್ಕೆ ಕೈಬಿಡುವವರುಂಟು. ಈ ತಪ್ಪು ತಿಳುವಳಿಕೆಯನ್ನು ನಿವಾರಿಸುವ ಸಲುವಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಲಿತ ಭಯ ಎಂದರೇನು?

ಹುಟ್ಟಿನಿಂದ ಬಾರದೆ ಅನುಭವದಿಂದ ಮೂಡುವ ಭಯವೇ ಕಲಿತ ಭಯ. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಇಲಿಗೆ ಹೆದರದಿದ್ದ ಮಗುವೊಂದಕ್ಕೆ ಇಲಿಯನ್ನು ತೋರಿಸುವಾಗ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದು ದೊಡ್ಡ ಶಬ್ದ ಮಾಡಲಾಯಿತು. ಹಲವು ಬಾರಿ ಹೀಗಾದ ಮೇಲೆ ಆ ಮಗು ಇಲಿಯನ್ನು ಕಂಡ ಮಾತ್ರಕ್ಕೆ ಅಳತೊಡಗಿತು, ಮೊಲಕ್ಕೂ ಹೆದರಿತು. ಇಂತಹ ಪ್ರಯೋಗಕ್ಕೆ ಇಂದಿನ ಸಂಶೋಧನಾ ನಿಯಮಗಳಲ್ಲಿ ಅವಕಾಶವಿಲ್ಲ. ಮೆದುಳಿನ ಅಮಿಗ್ಡಲ ಎಂಬ ಭಾಗವು ಅಪಾಯವನ್ನು ಕಲಿಯುವಲ್ಲಿಯೂ, ಹಿಪ್ಪೋಕ್ಯಾಂಪಸ್ ಎಂಬ ಭಾಗವು ಘಟನೆಯ ಸ್ಥಳ ಮತ್ತು ಸಂದರ್ಭವನ್ನು ನೆನಪಿಡುವಲ್ಲಿಯೂ ಪ್ರಮುಖ ಪಾತ್ರ ವಹಿಸುತ್ತವೆ.

2. ಮನಃಸ್ಥಿತಿಯ ಪ್ರಭಾವ

ದುಃಖದಲ್ಲಿರುವವರಿಗೆ ದುಃಖದ ಸಂಗತಿಗಳೇ ಸುಲಭವಾಗಿ ನೆನಪಿಗೆ ಬರುತ್ತವೆ. ಮನೋವಿಜ್ಞಾನಿ ಗಾರ್ಡನ್ ಬೋವರ್ ಅವರು 1981ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಉದಾಹರಣೆಗೆ, ಒಂದೇ ರಸ್ತೆಯಲ್ಲಿ ನೂರು ಬಾರಿ ಸುರಕ್ಷಿತವಾಗಿ ಸಂಚರಿಸಿದವರಿಗೂ, ಮನಸ್ಸು ಕುಗ್ಗಿದ ದಿನ ಅಲ್ಲಿ ನಡೆದ ಒಂದು ಅಪಘಾತವೇ ಕಣ್ಣಮುಂದೆ ಬರಬಹುದು.

ತೀವ್ರ ಭಯದ ವೇಳೆಯಲ್ಲಿ ಘಟನೆಯ ಮುಖ್ಯ ಅಂಶ ಗಟ್ಟಿಯಾಗಿ ಉಳಿದು, ಸುತ್ತಲಿನ ವಿವರಗಳು ಮಸುಕಾಗುವುದೂ ಉಂಟು. ಆದುದರಿಂದ ನೊಂದವರು ಸಮಯ ಅಥವಾ ಕ್ರಮವನ್ನು ಹೇಳುವಾಗ ತಡವರಿಸಿದ ಮಾತ್ರಕ್ಕೆ ಅವರ ಹೇಳಿಕೆ ಸುಳ್ಳೆಂದು ಭಾವಿಸಬಾರದು.

3. ಭಯ ಮರುಕಳಿಸುವುದೇಕೆ?

ಭಯಪಡುವ ಸಂಗತಿಯನ್ನು ತಜ್ಞರ ನೆರವಿನಿಂದ ಹಂತಹಂತವಾಗಿ ಎದುರಿಸುವುದು ಒಂದು ಚಿಕಿತ್ಸಾ ಕ್ರಮ. ಇದರಿಂದ ಹಳೆಯ ಭಯ ಪೂರ್ಣವಾಗಿ ಅಳಿಸಿಹೋಗುವುದಿಲ್ಲ; ಅದರ ಜೊತೆಗೆ 'ಈಗ ಅಪಾಯವಿಲ್ಲ' ಎಂಬ ಹೊಸ ಕಲಿಕೆ ಉಂಟಾಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೊವ್ ಅವರೂ, ನಾಯಿಗಳಲ್ಲಿ ಅಡಗಿದ್ದ ಕಲಿತ ಪ್ರತಿಕ್ರಿಯೆಯು ಬಿಡುವಿನ ನಂತರ ತಾನಾಗಿ ಮರಳುವುದನ್ನು ಗುರುತಿಸಿದ್ದರು. ದಿನ ಕಳೆದಾಗ, ಸ್ಥಳ ಬದಲಾದಾಗ ಅಥವಾ ಒತ್ತಡ ಹೆಚ್ಚಿದಾಗ ಹಳೆಯ ಕಲಿಕೆ ಮೇಲೆ ಬರಬಹುದು. ಇದು ಚಿಕಿತ್ಸೆಯ ಸೋಲಲ್ಲ. ಹೊಸ ಕಲಿಕೆಗೆ ಇನ್ನಷ್ಟು ಅಭ್ಯಾಸ ಬೇಕೆಂಬುದರ ಸೂಚನೆ.

4. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಭಯ ಮರುಕಳಿಸಿದಲ್ಲಿ ವೈದ್ಯರಿಗೆ ತಿಳಿಸುವುದು. ಅವರ ಸಲಹೆಯಿಲ್ಲದೆ ಔಷಧಿಯನ್ನಾಗಲಿ, ಆಪ್ತಸಮಾಲೋಚನೆಯನ್ನಾಗಲಿ ನಿಲ್ಲಿಸಬಾರದು.

ಆ) ಭಯ ಉಂಟಾದ ದಿನ, ಸ್ಥಳ ಮತ್ತು ಅಂದಿನ ಮನಃಸ್ಥಿತಿಯನ್ನು ಬರೆದಿಟ್ಟುಕೊಂಡು ಭೇಟಿಯ ಸಮಯದಲ್ಲಿ ತೋರಿಸುವುದು.

ಇ) ಮನೆಯವರು ಗೇಲಿ ಮಾಡುವುದಾಗಲಿ, ಭಯಪಡುವ ಸ್ಥಳಕ್ಕೆ ಬಲವಂತವಾಗಿ ಕರೆದೊಯ್ಯುವುದಾಗಲಿ ಮಾಡಬಾರದು.

ಈ) 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯಬಹುದು.

ಉ) ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕಾಗಿದೆ. ಸಂಕೋಚವಿಲ್ಲದೆ ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.