ಎಣ್ಣೆಗೆ ನೀರಿನ ಮೇಲೆ ಹಗೆಯಿಲ್ಲ

ಎಣ್ಣೆ ನೀರಿನ ಮೇಲೆ ತೇಲುವುದು ಅದರ ಸಾಂದ್ರತೆ ಕಡಿಮೆಯಿರುವುದರಿಂದ. ಆದರೆ ಬೆರೆಯದಿರುವುದಕ್ಕೆ ಕಾರಣ ಬೇರೆಯೇ. ಎಣ್ಣೆಯ ಅಣುಗಳು ನೀರನ್ನು ದೂರ ತಳ್ಳುತ್ತವೆ ಎಂಬ ನಂಬಿಕೆ ತಪ್ಪು. ಎರಡರ ನಡುವೆ ಅಲ್ಪಸ್ವಲ್ಪ ಸೆಳೆತವೂ ಇದೆ. ಬೆರೆಯಗೊಡದಿರುವುದು ನೀರು.

ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ಕಡೆ ತುಸು ಋಣ ವಿದ್ಯುದಂಶ, ಹೈಡ್ರೋಜನ್‌ಗಳ ಕಡೆ ತುಸು ಧನ ವಿದ್ಯುದಂಶ. ಹಾಗಾಗಿ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತದೆ. ಈ ಹೈಡ್ರೋಜನ್ ಬಂಧಗಳು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕಳಚಿ, ಮತ್ತೊಂದು ಅಣುವಿನೊಡನೆ ಕೂಡುತ್ತಲೇ ಇರುತ್ತವೆ.

ಎಣ್ಣೆಯ ಅಣುವಿನ ಬಹುಭಾಗ ಕಾರ್ಬನ್, ಹೈಡ್ರೋಜನ್‌ಗಳ ಉದ್ದನೆಯ ಸರಪಳಿ. ಅದರಲ್ಲಿ ನೀರು ಹಿಡಿದುಕೊಳ್ಳುವಂಥ ವಿದ್ಯುದಂಶವಿಲ್ಲ. ಪಕ್ಕದಲ್ಲಿ ಅದು ಬಂದು ಕೂತಾಗ ನೀರಿನ ಅಣುಗಳು ತಮ್ಮ ಬಂಧಗಳನ್ನು ಉಳಿಸಿಕೊಳ್ಳಲು ಕೆಲವೇ ದಿಕ್ಕುಗಳಿಗೆ ತಿರುಗಿ ನಿಲ್ಲಬೇಕಾಗುತ್ತದೆ; ಎತ್ತ ಬೇಕಾದರತ್ತ ಹೊರಳುವ ಸ್ವಾತಂತ್ರ್ಯ ಕುಗ್ಗುತ್ತದೆ. ಹೀಗೆ ಸಾಧ್ಯತೆಗಳು ಕಡಿಮೆಯಾಗುವುದನ್ನೇ ವಿಜ್ಞಾನಿಗಳು ಎಂಟ್ರೊಪಿ ಇಳಿಯಿತು ಎನ್ನುತ್ತಾರೆ. ಎಣ್ಣೆಯ ಹನಿಗಳು ಒಂದಾದರೆ ನೀರಿಗೆ ತಾಗುವ ಮೇಲ್ಮೈ ಕಿರಿದಾಗಿ, ಕಟ್ಟಿಗೆ ಬಿದ್ದಿದ್ದ ಎಷ್ಟೋ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಎಣ್ಣೆ ಒಟ್ಟುಗೂಡುವುದು ಮುಖ್ಯವಾಗಿ ಇದರಿಂದಲೇ.

ಅಣುವಿನ ಒಂದು ತುದಿ ನೀರಿಗೆ ಒಗ್ಗಿ, ಇನ್ನೊಂದು ಒಗ್ಗದಿದ್ದರೆ? ಸೋಪಿನ ಅಣುಗಳೂ ಸೀಗೆಕಾಯಿಯ ಸ್ಯಾಪೊನಿನ್ನುಗಳೂ ಅಂಥವು. ಜಿಡ್ಡನ್ನು ಒಳಗಿಟ್ಟು ಸುತ್ತುವರಿದು, ನೀರಿನ ಜತೆ ಸಾಗಿಸುತ್ತವೆ. ನಮ್ಮ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳಾದ ಫಾಸ್ಫೊಲಿಪಿಡ್‌ಗಳದೂ ಇದೇ ಸ್ವಭಾವ.

1925ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳಾದ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆಕ್ರಮಿಸಿದ ಜಾಗ ಆ ಕಣಗಳ ಮೇಲ್ಮೈಗಿಂತ ಸುಮಾರು ಎರಡರಷ್ಟು ಬಂತು. ಅಂದರೆ ಪೊರೆಯಲ್ಲಿ ಕೊಬ್ಬಿನದು ಎರಡು ಪದರ: ನೀರಿಗೆ ಒಗ್ಗುವ ತಲೆಗಳು ಹೊರಕ್ಕೆ, ಒಗ್ಗದ ಬಾಲಗಳು ಒಳಕ್ಕೆ.

ಸುಮಾರು 5 ನ್ಯಾನೊಮೀಟರ್ ದಪ್ಪದ ಈ ಪೊರೆಯಲ್ಲಿ ಕೊಬ್ಬಿನ ಅಣುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಬೆಸೆದಿಲ್ಲ. ಆದ್ದರಿಂದಲೇ ಅದು ಬಳುಕುತ್ತದೆ, ಸಣ್ಣ ತೂತು ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ. ಕೋಶದ ಒಳಗು ಹೊರಗುಗಳನ್ನು ಬೇರೆ ಮಾಡಿರುವುದೂ ಅದೇ. ಎಣ್ಣೆ ನೀರಿನಲ್ಲಿ ಸಲೀಸಾಗಿ ಕರಗುವಂತಿದ್ದರೆ ಇಂಥ ಪೊರೆಯೇ ನಿಲ್ಲುತ್ತಿರಲಿಲ್ಲ. ನಾವು ಬಲ್ಲ ಜೀವವೆಲ್ಲ ಈ ಬೆರೆಯದಿರುವಿಕೆಯ ಆಸರೆಯಲ್ಲೇ ಬದುಕಿದೆ.