ಎತ್ತಿಗೆ ಜ್ವರ, ಎಮ್ಮೆಗೆ ಬರೆ

2022ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 6.1ನೇ ಆವೃತ್ತಿಗೆ ಹೊಸ ಕೋಡ್ ಸೇರಿಸುವ ಗಡಿಬಿಡಿ ನಡೆದಿತ್ತು. ಅದೇ ಹೊತ್ತಿಗೆ ಲಿನಸ್ ಟೋರ್ವಾಲ್ಡ್ಸ್ ಅವರ ಸ್ವಂತ ಕಂಪ್ಯೂಟರ್ ಹಟ ಹಿಡಿಯಿತು. ಕರ್ನಲ್ ಕಂಪೈಲ್ ಮಾಡಹೊರಟರೆ ಕಂಪೈಲರ್ ಒಮ್ಮೆ ಒಂದು ಕಡೆ ಮುಗ್ಗರಿಸುತ್ತದೆ, ಮತ್ತೊಮ್ಮೆ ಇನ್ನೆಲ್ಲೋ. ಎರಡೂವರೆ ವರ್ಷ ಚಕಾರವೆತ್ತದೆ ದುಡಿದ ಯಂತ್ರ ಅದು. ಹೊಸ ಕೋಡ್‌ನಲ್ಲೇ ಏನೋ ಐಬಿದೆ ಎಂಬ ಅನುಮಾನ ಮೊದಲು ಹುಟ್ಟಿದ್ದು ಸಹಜ. ಕೊನೆಗೆ ಸಿಕ್ಕಿಬಿದ್ದದ್ದು ಒಂದು ರ‍್ಯಾಮ್ ಸ್ಟಿಕ್. ಕರ್ನಲ್ ಬರೆದಾತನಿಗೇ ಹೀಗಾದರೆ, ನೀಲಿ ಪರದೆ ಕಂಡೊಡನೆ ವಿಂಡೋಸ್‌ಗೆ ಶಾಪ ಹಾಕುವ ನಮ್ಮದೇನು ತಪ್ಪು?

ಕೆಟ್ಟ ರ‍್ಯಾಮ್‌ನ ಕೆಟ್ಟ ಗುಣವೇ ಇದು. ಹಾರ್ಡ್ ಡಿಸ್ಕ್ ಕೆಟ್ಟರೆ ಕಟಕಟ ಸದ್ದು ಮಾಡುತ್ತದೆ, ಫ್ಯಾನ್ ಕೆಟ್ಟರೆ ಯಂತ್ರ ಬಿಸಿಯಾಗುತ್ತದೆ. ರ‍್ಯಾಮ್ ಮಾತ್ರ ತನ್ನ ಕಾಯಿಲೆಯನ್ನು ಬೇರೆಯವರ ಮೈಮೇಲೆ ತೋರಿಸುತ್ತದೆ. ಜಿಪ್ ಫೈಲ್ ಬಿಚ್ಚಿಕೊಳ್ಳುವುದಿಲ್ಲ, ಬ್ರೌಸರ್ ತಾನಾಗಿ ಮುಚ್ಚಿಕೊಳ್ಳುತ್ತದೆ, ವಿಂಡೋಸ್ ಮರುಸ್ಥಾಪನೆ ಅರ್ಧದಲ್ಲಿ ಕೈಕೊಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬಂತೆ, ನಾವು ಡಿಸ್ಕ್ ಫಾರ್ಮ್ಯಾಟ್ ಮಾಡುತ್ತೇವೆ, ಆಂಟಿವೈರಸ್ ಕೊಳ್ಳುತ್ತೇವೆ, ಪವರ್ ಸಪ್ಲೈ ಬದಲಿಸುತ್ತೇವೆ. ಕಾರಣ ಸರಳ: ಡಿಸ್ಕ್‌ನಿಂದ ಪ್ರೊಸೆಸರ್‌ಗೆ ಹೋಗುವ ಪ್ರತಿಯೊಂದು ಅಕ್ಷರವೂ ರ‍್ಯಾಮ್ ಮೂಲಕವೇ ಹಾಯಬೇಕು. ದಾರಿಯಲ್ಲಿ ಒಂದು ಬಿಟ್ ತಿರುಚಿಕೊಂಡರೆ ಅದನ್ನು ಓದಿದವನು ಎಡವುತ್ತಾನೆ, ತಿರುಚಿದವನು ಕಾಣುವುದಿಲ್ಲ.

ಆ ಬಿಟ್ ಇರುವ ಜಾಗವನ್ನು ಹತ್ತಿರದಿಂದ ನೋಡಿದರೆ, ರ‍್ಯಾಮ್ ಇಷ್ಟು ಸರಿಯಾಗಿ ಕೆಲಸ ಮಾಡುವುದೇ ಅಚ್ಚರಿ ಅನ್ನಿಸುತ್ತದೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ನಡೆದಿರುವುದು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ವಿದ್ಯುದಂಶ ಇದ್ದರೆ 1, ಇಲ್ಲದಿದ್ದರೆ 0. ಆದರೆ ಆ ವಿದ್ಯುದಂಶ ನಿಲ್ಲುವುದಿಲ್ಲ, ಸದಾ ಸೋರುತ್ತದೆ. ಹಾಗಾಗಿ ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಚಿಪ್ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ತನ್ನ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಿಸಬೇಕು. ಚಿಪ್ 85 ಡಿಗ್ರಿ ದಾಟಿ ಬಿಸಿಯಾದರೆ ಸೋರಿಕೆ ಹೆಚ್ಚಿ, ಅವಧಿಯನ್ನು 32 ಮಿಲಿಸೆಕೆಂಡಿಗೆ ಇಳಿಸಬೇಕಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಯಂತ್ರ ಮಧ್ಯಾಹ್ನ ಕಾದ ಮೇಲೆ ತಿಕ್ಕಲಾಡುವುದಕ್ಕೆ ಇದೂ ಒಂದು ಕಾರಣ. ಎಂಟು ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂಥ ಕೋಶಗಳು ಸುಮಾರು 6,870 ಕೋಟಿ. ಅವುಗಳಲ್ಲಿ ಒಂದೇ ಒಂದು ಕೋಶ ಬೇಗ ಸೋರಲು ಶುರುಮಾಡಿದರೂ ಸಾಕು.

ಬಿಟ್ ತಿರುಚಲು ಕೋಶವೇ ಹಾಳಾಗಬೇಕೆಂದಿಲ್ಲ. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಟಿಮೊತಿ ಮೇ ಮತ್ತು ಮರ‍್ರೆ ವುಡ್ಸ್, ಚಿಪ್‌ನ ಹೊದಿಕೆಯಲ್ಲಿ ಬೆರೆತಿದ್ದ ಯುರೇನಿಯಂ, ಥೋರಿಯಂ ಕಣಗಳಿಂದ ಹೊಮ್ಮುವ ಆಲ್ಫಾ ಕಣಗಳು ಬಿಟ್‌ಗಳನ್ನು ಮಗುಚುತ್ತವೆ ಎಂದು ತೋರಿಸಿದರು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳೂ ಇದೇ ಕೆಲಸ ಮಾಡುತ್ತವೆ. 2003ರ ಬೆಲ್ಜಿಯಂ ಚುನಾವಣೆಯಲ್ಲಿ ಸ್ಕಾರ್‌ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತಗಳು ಹೆಚ್ಚುವರಿಯಾಗಿ ಬಿದ್ದವು. 4096 ಎಂದರೆ ಎರಡರ ಹನ್ನೆರಡನೇ ಘಾತ, ಅಂದರೆ ಒಂದೇ ಬಿಟ್ 0ಯಿಂದ 1ಕ್ಕೆ ಹಾರಿದರೆ ಸಿಗುವ ಲೆಕ್ಕ. ತಜ್ಞರ ಅನುಮಾನವೂ ಅದೇ. ಕಾಸ್ಮಿಕ್ ಕಿರಣದ ಕಥೆ ಹೇಳಲು ಸೊಗಸು, ಆದರೆ ಮನೆಯ ಕಂಪ್ಯೂಟರ್ ದಿನಕ್ಕೆ ಮೂರು ಸಲ ಕುಸಿದರೆ ಆಕಾಶವನ್ನು ದೂರಬೇಡಿ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ದೋಷಗಳಲ್ಲಿ ಹೆಚ್ಚಿನವು ಹೀಗೆ ಬಂದು ಹೋಗುವಂಥವಲ್ಲ, ಹಾರ್ಡ್‌ವೇರ್‌ನಲ್ಲೇ ನೆಲೆಯೂರಿದವು ಎಂದು ಹೇಳಿತು. ಒಮ್ಮೆ ತಪ್ಪಿದ ಸ್ಟಿಕ್ ಮತ್ತೆ ತಪ್ಪುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ವಿಂಡೋಸ್‌ನಲ್ಲೇ ಒಂದು ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಮೇಲುಮೇಲಿನ ತಪಾಸಣೆಗೆ ಸಾಕು. ನನಗೆ ನಂಬಿಕೆ ಇರುವುದು ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಮೆಮ್‌ಟೆಸ್ಟ್‌ನಂಥ ತಂತ್ರಾಂಶದ ಮೇಲೆ, ಏಕೆಂದರೆ ಆಪರೇಟಿಂಗ್ ಸಿಸ್ಟಮ್ ತಾನೇ ಕುಳಿತ ಜಾಗವನ್ನು ಪರೀಕ್ಷಿಸುವುದು ಕಷ್ಟ. ಅದು ಮಾಡುವ ಕೆಲಸ ಶಾಲೆಯ ಮಗುವಿಗೂ ಅರ್ಥವಾದೀತು. 11111111 ಎಂದು ಬರೆಯುತ್ತದೆ, ಮತ್ತೆ ಓದುತ್ತದೆ. 11111011 ಎಂದು ಬಂದರೆ ಕೆಂಪು ಸಾಲು. ಆಮೇಲೆ ಸೊನ್ನೆಗಳು, ಆಮೇಲೆ ಒಂದು ಬಿಟ್ಟು ಒಂದು, ಆಮೇಲೆ ಪಕ್ಕದ ಸಾಲನ್ನು ಮತ್ತೆ ಮತ್ತೆ ಕೆಣಕಿ ನೆರೆಮನೆಯ ಬಿಟ್ ಅಲುಗುತ್ತದೆಯೇ ಎಂಬ ಪರೀಕ್ಷೆ. ಒಂದು ಸುತ್ತಿಗೆ ತೃಪ್ತಿಪಡಬೇಡಿ, ರಾತ್ರಿ ಹಚ್ಚಿ ಮಲಗಿ.

ಕೆಂಪು ಸಾಲು ಕಂಡರೆ ಗಾಬರಿಯಾಗದೆ ಓದಿ ನೋಡಿ. ಸುತ್ತು ಸುತ್ತಿಗೂ ಒಂದೇ ವಿಳಾಸ ಬಂದರೆ ಕೋಶ ಸತ್ತಿದೆ. ವಿಳಾಸ ಬೇರೆಬೇರೆ, ಆದರೆ ತಪ್ಪುವ ಬಿಟ್ ಮಾತ್ರ ಅದೇ ಆಗಿದ್ದರೆ ಸ್ಟಿಕ್‌ನ ಪಿನ್ ಅಥವಾ ಸ್ಲಾಟ್‌ನ ಸಂಪರ್ಕದ ಮೇಲೆ ಕಣ್ಣಿಡಿ. ಎಲ್ಲೆಂದರಲ್ಲಿ ತಪ್ಪುಗಳು ಚೆಲ್ಲಿದ್ದರೆ ಮೊದಲು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ವೇಗದ ಪ್ರೊಫೈಲ್ ಆಫ್ ಮಾಡಿ. ಸ್ಟಿಕ್ ಆರೋಗ್ಯವಾಗಿಯೇ ಇದ್ದು, ತನ್ನ ಶಕ್ತಿ ಮೀರಿ ಓಡಿಸಿದ್ದೇ ತಪ್ಪಾಗಿರಬಹುದು.

ಎರಡು ಸ್ಟಿಕ್ ಇದ್ದರೆ ಒಂದನ್ನು ತೆಗೆದು ಪರೀಕ್ಷಿಸಿ, ಆಮೇಲೆ ಇನ್ನೊಂದನ್ನು, ಅದೂ ಅದೇ ಸ್ಲಾಟ್‌ನಲ್ಲಿ. ಸ್ಟಿಕ್ ಬದಲಾದರೂ ತಪ್ಪು ಅಲ್ಲೇ ಉಳಿದರೆ ಸ್ಲಾಟ್ ಕೆಟ್ಟಿದೆ, ಇಲ್ಲವೇ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್. ಇದನ್ನು ಮಾಡದೆ ಹೊಸ ರ‍್ಯಾಮ್ ಕೊಂಡು ಪೆಚ್ಚಾದವರು ಎಷ್ಟೋ ಜನ. ಕೈಹಾಕುವ ಮುನ್ನ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿ, ಕೇಸಿನ ಲೋಹ ಮುಟ್ಟಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸಂಪರ್ಕವನ್ನೂ ತಪ್ಪಿಸಬೇಕು.

ಇನ್ನು ರಬ್ಬರಿನ ವಿಚಾರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕಿನ ಅಂಗಡಿಯವರೆಗೆ, ರ‍್ಯಾಮ್ ಕಳಚಿ ಪಿನ್‌ಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುವುದು ನಮ್ಮ ರಿಪೇರಿಯವರ ಮೊದಲ ಮದ್ದು. ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ ಕೂಡ. ಅದರಲ್ಲಿ ಹೆಚ್ಚಿನ ಪುಣ್ಯ ಕಳಚಿ ಕೂರಿಸಿದ್ದಕ್ಕೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಸರಿಯಾಗಿ ಒತ್ತಿ ಕೂರಿಸಿದಾಗ ಪಿನ್ ಮೇಲಿನ ಧೂಳು ಸವೆದು ಸಂಪರ್ಕ ಮರಳುತ್ತದೆ. ಆದರೆ ಪಿನ್ ಮೇಲಿನ ಚಿನ್ನದ ಲೇಪ ತೀರಾ ತೆಳು, ಒರಟು ರಬ್ಬರ್ ಅದನ್ನೇ ಕೆರೆಯುತ್ತದೆ, ಉದುರಿದ ಚೂರು ಸ್ಲಾಟ್ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆ ಒಳ್ಳೆಯದು.

ಹೊಸದು ಕೊಳ್ಳುವಾಗ ತಲೆಮಾರು ತಪ್ಪಬಾರದು. ಡೆಸ್ಕ್‌ಟಾಪ್‌ನ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ, ಆದರೆ ನಡುವಿನ ಕಚ್ಚಿನ ಜಾಗ ಬೇರೆ. ಕೂರದಿದ್ದರೆ ಬಲವಂತ ಮಾಡಬೇಡಿ, ಅದು ಕೂರಬಾರದೆಂದೇ ಮಾಡಿದ್ದು. ಜೋಡಿಯಾಗಿ ಕೊಂಡದ್ದಾದರೆ ವಾರಂಟಿಗೆ ಎರಡನ್ನೂ ಕಳಿಸಬೇಕಾಗಬಹುದು. ದುಡ್ಡಿದ್ದು, ಮದರ್‌ಬೋರ್ಡ್ ಒಪ್ಪಿದರೆ ಇಸಿಸಿ ರ‍್ಯಾಮ್ ಇದೆ: ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತದ ಬಲದಿಂದ, ಪ್ರತಿ 64 ಬಿಟ್‌ಗೆ ಎಂಟು ಕಾವಲು ಬಿಟ್ ಸೇರಿಸಿ, ಒಂದು ತಪ್ಪನ್ನು ತಿದ್ದಿ, ಎರಡು ತಪ್ಪಾದರೆ ಕೂಗಿ ಹೇಳುವಂಥದ್ದು. ಇದನ್ನು ಜನಸಾಮಾನ್ಯರ ಯಂತ್ರಗಳಿಂದ ದೂರವಿಟ್ಟ ಚಿಪ್ ಕಂಪನಿಗಳ ಮೇಲೆ ಟೋರ್ವಾಲ್ಡ್ಸ್ 2021ರಲ್ಲೇ ಹರಿಹಾಯ್ದಿದ್ದರು. ಡಿಡಿಆರ್5ರ ಚಿಪ್‌ನೊಳಗೆ ತಿದ್ದುಪಡಿ ವ್ಯವಸ್ಥೆ ಇದೆಯಾದರೂ ಅದು ಚಿಪ್‌ನ ಹೊಸ್ತಿಲು ದಾಟುವುದಿಲ್ಲ, ತಂತಿಯಲ್ಲಿ ಆಗುವ ತಪ್ಪಿಗೆ ಅದರಲ್ಲಿ ಉತ್ತರವಿಲ್ಲ.

ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಕಳಚುವ ಮಾತೇ ಇಲ್ಲ. ಕೆಟ್ಟದ್ದು ಒಂದೆರಡು ವಿಳಾಸ ಮಾತ್ರವಾದರೆ, ಅಲ್ಲಿ ಕಾಲಿಡಬೇಡ ಎಂದು ಲಿನಕ್ಸ್‌ಗೂ ವಿಂಡೋಸ್‌ಗೂ ಹೇಳಿಡಲು ಬರುತ್ತದೆ, ಕೆಲವು ತಿಂಗಳು ದೂಡಬಹುದು. ಕಳಚುವಂಥದ್ದಾಗಿದ್ದು ಹೊಸದನ್ನೇ ಹಾಕಿದ್ದರೂ ಒಂದು ಕೆಲಸ ಬಾಕಿ ಉಳಿಯುತ್ತದೆ. ಹಳೆಯ ಸ್ಟಿಕ್ ಕಾಯಿಲೆ ಬಿದ್ದಿದ್ದ ವಾರಗಳಲ್ಲಿ ನಕಲಿಸಿದ ಫೋಟೊ, ಲೆಕ್ಕಪತ್ರ, ಬ್ಯಾಕಪ್‌ಗಳೆಲ್ಲ ಅದರ ಮೂಲಕವೇ ಡಿಸ್ಕ್ ಸೇರಿವೆ. ಅವನ್ನು ಒಂದೊಂದಾಗಿ ತೆರೆದು ನೋಡಿ, ಹಳೆಯ ಪ್ರತಿಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.