ಕಣ್ಣಿನ ಉರಿಯೂತವೂ ರಕ್ತದ ಸಾಕ್ಷ್ಯವೂ

ಮುಂಗಾರಿನಲ್ಲಿ ತುಂಗಭದ್ರೆಯ ನೀರು ಹಡಗಲಿಯ ಸೀಮೆಯನ್ನು ಬಳಸಿ ಕೆಂಪಾಗಿ ಹರಿಯುತ್ತದೆ. ಆ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮಣ್ಣು ಬಹು ನಿಧಾನವಾಗಿ ತಳಕ್ಕಿಳಿಯುವುದು. ಪಟಿಕವನ್ನು ಆಡಿಸಿದರೆ ಬೇಗನೆ ತಿಳಿಯಾಗುವುದು. ಸೂಕ್ಷ್ಮಕಣಗಳು ಒಂದಕ್ಕೊಂದು ಅಂಟಿ ದೊಡ್ಡವಾಗುವುದೇ ಇದಕ್ಕೆ ಕಾರಣ. ದ್ರವದಲ್ಲಿ ಇಳಿಯುವ ಸಣ್ಣ ಗೋಲದ ವೇಗವು ತ್ರಿಜ್ಯದ ವರ್ಗಕ್ಕೆ ಅನುಗುಣವೆಂದು ಸ್ಟೋಕ್ಸನು 1851ರಲ್ಲಿ ತೋರಿಸಿದನು. ತ್ರಿಜ್ಯ ಇಮ್ಮಡಿಯಾದರೆ ವೇಗ ನಾಲ್ಮಡಿ!

ವೈದ್ಯರು ಮಾಡಿಸುವ ಇ.ಎಸ್.ಆರ್. ಪರೀಕ್ಷೆಯ ಗುಟ್ಟೂ ಇದೇ. ವೆಸ್ಟರ್‌ಗ್ರೆನ್ನನು 1921ರಲ್ಲಿ ರೂಪಿಸಿದ ವಿಧಾನದಂತೆ, ಹೆಪ್ಪುಗಟ್ಟದ ಹಾಗೆ ಸಿಟ್ರೇಟು ಬೆರೆಸಿದ ರಕ್ತವನ್ನು ನೆಟ್ಟಗಿನ ನಳಿಗೆಯಲ್ಲಿ ಒಂದು ಗಂಟೆ ನಿಲ್ಲಿಸಿ, ಕೆಂಪುಕಣಗಳು ಎಷ್ಟು ಮಿಲಿಮೀಟರು ಇಳಿದುವೆಂದು ಅಳೆಯುತ್ತಾರೆ. ಈ ಕಣಗಳ ಮೇಲೆ ಋಣವಿದ್ಯುತ್ತು ಇರುವುದರಿಂದ ಅವು ಪರಸ್ಪರ ದೂಡುತ್ತವೆ. ದೇಹದಲ್ಲಿ ಉರಿಯೂತವಾದಾಗ ಪಿತ್ತಜನಕಾಂಗವು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸುರಿಸುತ್ತದೆ. ಆಗ ಕಣಗಳು ನಾಣ್ಯಗಳ ಕಟ್ಟಿನಂತೆ ಒಟ್ಟುಗೂಡಿ ಬೇಗ ಇಳಿಯುತ್ತವೆ. 1930ರಲ್ಲಿ ಕಂಡುಹಿಡಿಯಲಾದ ಸಿ-ರಿಯಾಕ್ಟಿವ್ ಪ್ರೋಟೀನೂ ಪಿತ್ತಜನಕಾಂಗದ್ದೇ. ಉರಿಯೂತ ಮೊದಲಾದ ಕೆಲವೇ ಗಂಟೆಗಳಲ್ಲಿ ಅದು ಏರಿ, ಶಮನವಾದೊಡನೆ ಬೇಗ ಇಳಿಯುತ್ತದೆ.

ಈಗ ಕಣ್ಣಿನ ವಿಚಾರ. ರೋಗಗಳನ್ನು ತಡೆಯಬೇಕಾದ ದೇಹದ ಕಾವಲುಪಡೆಯೇ ಕೆಲವೊಮ್ಮೆ ಕಣ್ಣಿನ ನಡುಪದರದ ಮೇಲೆ ತಿರುಗಿ ಬೀಳುವುದುಂಟು. ಈ ಪದರದ ಉರಿಯೂತಕ್ಕೆ ಯುವಿಯೈಟಿಸ್ ಎಂದು ಹೆಸರು. ಕಣ್ಣು ಕೆಂಪಾಗಿ ನೋಯುವುದು, ಬೆಳಕು ಸಹಿಸದಾಗುವುದು, ದೃಷ್ಟಿ ಮಂಜಾಗುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮನೆಗಳಲ್ಲಿ ಇದನ್ನು ‘ಕಣ್ಣು ಬಂದಿದೆ’ ಎಂದು ಬಗೆದು ದಿನ ಕಳೆದರೆ ಅಪಾಯ. ಚಿಕಿತ್ಸೆ ತಡವಾದರೆ ಪೊರೆ, ಗ್ಲಾಕೋಮಾ, ಕಡೆಗೆ ಕುರುಡೂ ಬರಬಹುದು.

ಹಾಗಾದರೆ ರಕ್ತಪರೀಕ್ಷೆಯೊಂದೇ ಸಾಲದೆ? ಸಾಲದು. ಕಣ್ಣಿನ ನಡುಪದರ ಅತಿ ಸಣ್ಣದು. ಅಲ್ಲಿನ ಕಿಚ್ಚು ಇಡೀ ರಕ್ತದಲ್ಲಿ ಗುರುತಾಗುವಷ್ಟು ದೊಡ್ಡದಾಗಿರದಿರಬಹುದು. ಅಂಕೆ ಸರಿಯಾಗಿದ್ದರೂ ಕಣ್ಣು ಉರಿಯುತ್ತಿರಬಹುದು. ಇನ್ನೊಂದೆಡೆ ರಕ್ತಹೀನತೆ, ಗರ್ಭ, ಮುಪ್ಪು ಇವುಗಳಿಂದಲೂ ಇ.ಎಸ್.ಆರ್. ಏರುತ್ತದೆ. ಹೊಗೆಯು ಬೆಂಕಿಯಿದೆಯೆಂದು ಹೇಳೀತೇ ಹೊರತು ಯಾರ ಮನೆಯದೆಂದು ಹೇಳಲಾರದು. ಸ್ಲಿಟ್‌ಲ್ಯಾಂಪಿನ ತೆಳುವಾದ ಬೆಳಕಿನಲ್ಲಿ ಕಣ್ಣೊಳಗಿನ ದ್ರವದಲ್ಲಿ ತೇಲುವ ಬಿಳಿಕಣಗಳನ್ನು ನೇತ್ರವೈದ್ಯರು ಕಣ್ಣಾರೆ ಕಾಣುವುದೇ ಮುಖ್ಯ ಸಾಕ್ಷ್ಯ.

ಒಂದು ರೋಗದಲ್ಲಿ ಮಾತ್ರ ಈ ಅಂಕೆಗಳಿಗೆ ಬಹಳ ಬೆಲೆಯುಂಟು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆನೋವು ಬಂದು, ಎರಡೂ ಅಂಕೆಗಳು ಏರಿದ್ದರೆ, ಕಣತಲೆಯ ಧಮನಿಯ ಉರಿಯೂತವನ್ನು ಶಂಕಿಸಿ ವೈದ್ಯರು ಕೂಡಲೇ ಔಷಧವನ್ನು ಆರಂಭಿಸುತ್ತಾರೆ. ಹೋದ ದೃಷ್ಟಿ ಮರಳುವುದು ಅಪರೂಪ.

ನಳಿಗೆಯ ಅಂಕೆ ಉಪಯುಕ್ತವಾದ ಸಾಕ್ಷಿ, ನಿಜ. ಆದರೆ ತೀರ್ಪನ್ನು ಕೊಡಬೇಕಾದುದು ಕಣ್ಣನ್ನು ನೋಡಿಯೇ.